ಮೊದಲ ಸಲ ಟ್ರ್ಯಾಕ್‌ಗೆ ಬೈಕ್ ಇಳಿಸುವವರಿಗೆ: ಬೆಂಗಳೂರಿನಿಂದ ಇರುಂಗಾಟ್ಟುಕೋಟೈವರೆಗೆ

ಟ್ರ್ಯಾಕ್ ಡೇ ರೇಸ್ ಅಲ್ಲ. ಅಲ್ಲಿ ಸ್ಥಾನವಿಲ್ಲ, ಬಹುಮಾನವಿಲ್ಲ. ಹೊಸಬರ ಗುಂಪಿನಲ್ಲಿ ಎಷ್ಟೋ ಕಡೆ ಸಮಯ ಅಳೆಯಲೂ ಬಿಡುವುದಿಲ್ಲ. ದುಡ್ಡು ಕೊಟ್ಟು, ನಿಮ್ಮದೇ ಬೈಕ್ ತಂದು, ಮುಚ್ಚಿದ ರಸ್ತೆಯಲ್ಲಿ ಒಂದು ದಿನ ಓಡಿಸಿ ಕಲಿಯುವ ಅವಕಾಶ, ಅಷ್ಟೇ. ನಂದಿ ಬೆಟ್ಟದ ತಿರುವುಗಳಲ್ಲಿ ಭಾನುವಾರ ಬೆಳಗ್ಗೆ ಬೈಕ್ ಬಗ್ಗಿಸುವವರು ಯಾವ ಖುಷಿಗಾಗಿ ಪ್ರಾಣ ಪಣಕ್ಕಿಡುತ್ತಾರೋ, ಅದೇ ಖುಷಿ ಇಲ್ಲಿ ಎದುರಿಗೆ ಬರುವ ಬಸ್ಸಿಲ್ಲದೆ, ತಿರುವಿನಲ್ಲಿ ಸುರಿದ ಜಲ್ಲಿಯಿಲ್ಲದೆ, ಆಂಬ್ಯುಲೆನ್ಸ್ ಕಣ್ಣೆದುರೇ ನಿಂತಿರುವಾಗ ಸಿಗುತ್ತದೆ.

ಕರ್ನಾಟಕದಲ್ಲಿ ಈ ಮಟ್ಟದ ಖಾಯಂ ರೇಸ್ ಟ್ರ್ಯಾಕ್ ಇಲ್ಲ. ಹಾಗಾಗಿ ಬೆಂಗಳೂರಿನವರು ಸಾಮಾನ್ಯವಾಗಿ ಹೋಗುವುದು ಚೆನ್ನೈ ಹತ್ತಿರ ಶ್ರೀಪೆರಂಬದೂರು ದಾಟಿದ ಮೇಲೆ ಸಿಗುವ ಇರುಂಗಾಟ್ಟುಕೋಟೈಗೆ. ಅಲ್ಲಿರುವುದು ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ಹಳಬರು ಈಗಲೂ ಎಂಎಂಆರ್‌ಟಿ (ಮದ್ರಾಸ್ ಮೋಟಾರ್ ರೇಸ್ ಟ್ರ್ಯಾಕ್) ಅಂತಲೇ ಕರೆಯುತ್ತಾರೆ. ಪೂರ್ತಿ ಸುತ್ತು 3.717 ಕಿ.ಮೀ., ತಿರುವುಗಳು 12. ಸಿ-1, ಸಿ-2 ಹೀಗೆ ಎಣಿಸುತ್ತಾರೆ. ಹೆದ್ದಾರಿ 48ರ ಪಕ್ಕದಲ್ಲೇ ಇದೆ, ಬೆಂಗಳೂರಿನಿಂದ ಸುಮಾರು 300 ಕಿ.ಮೀ. ಇನ್ನೊಂದು ಕೊಯಮತ್ತೂರಿನ ಚೆಟ್ಟಿಪಾಳ್ಯಂನ ಕರಿ ಮೋಟಾರ್ ಸ್ಪೀಡ್‌ವೇ. ಅದು 2 ಕಿ.ಮೀ.ಗಿಂತ ಸ್ವಲ್ಪ ಹೆಚ್ಚು, 150-200 ಸಿಸಿ ಬೈಕಿಗೆ ಹೇಳಿ ಮಾಡಿಸಿದ್ದು. 2023ರಲ್ಲಿ ಮೋಟೋಜಿಪಿ ನಡೆದ ಗ್ರೇಟರ್ ನೋಯ್ಡಾದ ಬುದ್ಧ್ ಸರ್ಕ್ಯೂಟ್ 5 ಕಿ.ಮೀ.ಗೂ ಉದ್ದ, ಅದರ ಹಿಂದಿನ ನೇರ ರಸ್ತೆಯೇ 1 ಕಿ.ಮೀ. ಮೀರುತ್ತದೆ. ಮೊದಲ ಸಲಕ್ಕೆ ಅಷ್ಟು ವೇಗ ಬೇಡ. ಇಲ್ಲಿ ಇರುಂಗಾಟ್ಟುಕೋಟೈಯನ್ನೇ ಇಟ್ಟುಕೊಂಡು ಹೇಳುತ್ತೇವೆ.

ದೊಡ್ಡ ಬೈಕ್ ಬೇಕೇ ಬೇಕು ಅಂತೇನಿಲ್ಲ. ಪಲ್ಸರ್, ಅಪಾಚೆ, ಆರ್15, ಡ್ಯೂಕ್ ಯಾವುದಾದರೂ ನಡೆಯುತ್ತದೆ. ನಿಜ ಹೇಳಬೇಕೆಂದರೆ 200 ಸಿಸಿ ಬೈಕಿನಲ್ಲಿ ಕಲಿತವರು 1000 ಸಿಸಿ ಬೈಕಿನಲ್ಲಿ ಶುರು ಮಾಡಿದವರಿಗಿಂತ ಬೇಗ ಸುಧಾರಿಸುತ್ತಾರೆ. ದೊಡ್ಡ ಬೈಕಿನಲ್ಲಿ ನೇರ ರಸ್ತೆಯ ವೇಗವೇ ತಲೆಯನ್ನೆಲ್ಲ ತಿಂದುಬಿಡುತ್ತದೆ, ತಿರುವಿನ ಬಗ್ಗೆ ಯೋಚಿಸಲು ಏನೂ ಉಳಿಯುವುದಿಲ್ಲ.

ದುಡ್ಡು ಕಟ್ಟುವ ಮುಂಚೆ ಆಯೋಜಕರನ್ನು ಇಷ್ಟು ಕೇಳಿ. ಒಂದು ಗುಂಪಿನಲ್ಲಿ ಎಷ್ಟು ಬೈಕ್ ಬಿಡುತ್ತಾರೆ? ಹೊಸಬರಿಗೆ ಪ್ರತ್ಯೇಕ ಗುಂಪು, ಕಲಿಸುವವರು ಇದ್ದಾರಾ? ಟ್ರ್ಯಾಕ್‌ನಲ್ಲಿ ಆಂಬ್ಯುಲೆನ್ಸ್, ವೈದ್ಯರು ದಿನವಿಡೀ ಇರುತ್ತಾರಾ? ಲೆದರ್ ಸೂಟ್ ಬಾಡಿಗೆಗೆ ಸಿಗುತ್ತದಾ, ನಿಮ್ಮ ಅಳತೆಯದು ಇದೆಯಾ? ಎಂಜಿನ್ ತಣಿಸುವ ಕೂಲಂಟ್ ಬದಲಿಸಲೇಬೇಕಾ? ಮಳೆ ಬಂದರೆ ಏನು? ಕೊನೆಯದು ಮುಖ್ಯ, ಏಕೆಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಚೆನ್ನೈ ಭಾಗದಲ್ಲಿ ಹಿಂಗಾರು ಮಳೆ ಜೋರು. ಏಪ್ರಿಲ್-ಮೇ ಬಿಸಿಲು ಲೆದರ್ ಸೂಟಿನೊಳಗೆ ಸಹಿಸುವಂಥದ್ದಲ್ಲ. ಜನವರಿ, ಫೆಬ್ರವರಿ ಒಳ್ಳೆಯ ಕಾಲ.

ವಿಮೆಯ ಪತ್ರವನ್ನೂ ತೆಗೆದು ಓದಿ. ನಮ್ಮ ದೇಶದ ಸಾಮಾನ್ಯ ವಾಹನ ವಿಮೆ ರೇಸ್, ವೇಗ ಪರೀಕ್ಷೆಯಂಥ ಬಳಕೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿರುತ್ತದೆ. ಟ್ರ್ಯಾಕ್‌ನಲ್ಲಿ ಬಿದ್ದರೆ ಬೈಕ್ ರಿಪೇರಿ ನಿಮ್ಮ ಜೇಬಿನಿಂದಲೇ ಎಂದು ಲೆಕ್ಕ ಹಾಕಿಕೊಂಡೇ ಹೊರಡಿ. ಆರೋಗ್ಯ ವಿಮೆ ಬೇರೆ ವಿಷಯ. ಅದರಲ್ಲಿ ಸಾಹಸ ಕ್ರೀಡೆಯನ್ನು ಹೊರಗಿಡುವ ಷರತ್ತನ್ನು ಹೇಗೆ ಬರೆದಿದ್ದಾರೆ ನೋಡಿ, ವಿಮಾ ಕಂಪನಿಗೆ ಒಂದು ಇಮೇಲ್ ಹಾಕಿ ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಬೈಕ್ ತಯಾರಿ: ಎರಡು ವಾರ ಮುಂಚೆ

ಮೊದಲ ದಿನ ಅರ್ಧಕ್ಕೇ ನಿಲ್ಲಿಸಬೇಕಾಗಿ ಬರುವುದು ಬಹಳ ಸಲ ಬೈಕಿನ ಸಣ್ಣ ತೊಂದರೆಯಿಂದ. ಸಡಿಲ ಚೈನ್, ಮೆತ್ತಗಾದ ಬ್ರೇಕ್ ಲಿವರ್, ಸೋರುವ ಆಯಿಲ್ ಸೀಲ್, ಇಂಥವು. ಇವೆಲ್ಲ ನಿಮ್ಮ ಮೆಕ್ಯಾನಿಕ್‌ನ ಅಂಗಡಿಯಲ್ಲಿ ಒಂದು ಮಧ್ಯಾಹ್ನದ ಕೆಲಸ. ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ಪಾರ್ಟ್ ಸಿಗದಿದ್ದರೆ ಕೈಕಟ್ಟಿ ಕೂರಬೇಕಾಗುತ್ತದೆ.

ಬ್ರೇಕ್‌ನಿಂದ ಶುರು ಮಾಡಿ. ಪ್ಯಾಡ್ 3 ಮಿ.ಮೀ.ಗಿಂತ ಕಡಿಮೆ ಉಳಿದಿದ್ದರೆ ಹೊಸದು ಹಾಕಿಸಿ, ಆಮೇಲೆ ಕನಿಷ್ಠ 100-150 ಕಿ.ಮೀ. ಊರಲ್ಲಿ ಓಡಿಸಿ ಡಿಸ್ಕ್‌ಗೆ ಕೂರಿಸಿಕೊಳ್ಳಿ. ಬ್ರೇಕ್ ಆಯಿಲ್ ಹಾಕಿ ಒಂದು ವರ್ಷ ದಾಟಿದ್ದರೆ ಪೂರ್ತಿ ಬದಲಿಸಿ. ಡಾಟ್ 4 ಆಯಿಲ್ ಹೊಸದಿದ್ದಾಗ ಕುದಿಯುವುದು ಕನಿಷ್ಠ 230 ಡಿಗ್ರಿಯಲ್ಲಿ, ತೇವ ಹೀರಿಕೊಂಡ ಮೇಲಿನ ಮಟ್ಟ 155 ಡಿಗ್ರಿ. ಅದು ಗಾಳಿಯ ತೇವವನ್ನು ತಾನಾಗಿಯೇ ಎಳೆದುಕೊಳ್ಳುತ್ತದೆ. ಊರಿನ ಟ್ರಾಫಿಕ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಟ್ರ್ಯಾಕ್‌ನಲ್ಲಿ ಮಾತ್ರ ನಾಲ್ಕನೇ ಸುತ್ತಿಗೆ ಲಿವರ್ ಹ್ಯಾಂಡಲ್‌ವರೆಗೆ ಬರುತ್ತದೆ. ಒಳಗೆ ಆಯಿಲ್ ಕುದಿದು ಆವಿಯಾಗಿರುತ್ತದೆ, ಆವಿಯನ್ನು ಎಷ್ಟು ಒತ್ತಿದರೂ ಪ್ಯಾಡ್‌ಗೆ ಬಲ ಹೋಗುವುದಿಲ್ಲ. ಹಾಗೇನಾದರೂ ಆದರೆ ಲಿವರ್ ಬಿಟ್ಟು ಬಿಟ್ಟು ಒತ್ತಿ, ಗೇರ್ ಇಳಿಸಿ, ವೇಗ ಕಡಿಮೆ ಮಾಡಿ ಪಿಟ್‌ಗೆ (ಟ್ರ್ಯಾಕ್ ಪಕ್ಕದಲ್ಲಿ ಬೈಕ್ ನಿಲ್ಲಿಸುವ ಜಾಗ) ಬನ್ನಿ. ಆಯಿಲ್ ಬದಲಿಸುವವರೆಗೆ ಮತ್ತೆ ಇಳಿಯಬೇಡಿ.

ಟಯರ್ ಪಕ್ಕದಲ್ಲಿ ನಾಲ್ಕು ಅಂಕೆ ಇರುತ್ತವೆ. 2223 ಎಂದಿದ್ದರೆ 2023ರ 22ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟಯರ್‌ನ ಹೂವು (ಟ್ರೆಡ್) ಚೆನ್ನಾಗಿ ಕಂಡರೂ ರಬ್ಬರ್ ಗಟ್ಟಿಯಾಗಿರುತ್ತದೆ, ಬೇಡ. ಪಂಕ್ಚರ್ ಸ್ಟ್ರಿಪ್ ಹಾಕಿದ ಟಯರ್ ಸಹ ಬೇಡ. ತೀರಾ ಹೊಸ ಟಯರ್ ಆದರೆ 100 ಕಿ.ಮೀ. ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ ಮೇಲಿನ ನುಣುಪು ತೆಗೆದುಕೊಂಡು ಬನ್ನಿ.

ಗಾಳಿಯ ವಿಷಯದಲ್ಲಿ ಗೊಂದಲ ಬಹಳ. ದೊಡ್ಡ ಬೈಕಿನ ಮ್ಯಾನುವಲ್‌ನಲ್ಲಿ ಮುಂದೆ 36, ಹಿಂದೆ 42 ಪಿಎಸ್‌ಐ ಎಂದಿದ್ದರೆ ಅದು ಹಿಂದೆ ಜನ, ಸಾಮಾನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಹೋಗುವ ಲೆಕ್ಕ. ಟ್ರ್ಯಾಕ್‌ನಲ್ಲಿ ರಸ್ತೆ ಟಯರ್‌ಗೆ ತಣ್ಣಗಿರುವಾಗ 30-32ರಿಂದ ಶುರು ಮಾಡಿ. ಬಿಸಿಯಾದಾಗ 4-5 ಪಿಎಸ್‌ಐ ತಾನೇ ಏರುತ್ತದೆ. ಸಣ್ಣ ಬೈಕುಗಳಲ್ಲಿ ಮ್ಯಾನುವಲ್ ಹೇಳುವುದೇ 25-29ರ ಆಸುಪಾಸು. ಅದನ್ನು ಇನ್ನೂ ಇಳಿಸಲು ಹೋಗಬೇಡಿ, ಟಯರ್ ಪಕ್ಕ ಮಡಚಿಕೊಂಡು ಹ್ಯಾಂಡಲ್ ತೇಲಿದಂತಾಗುತ್ತದೆ. ಸ್ವಂತ ಗೇಜ್ ಒಂದಿರಲಿ. ಬಂಕಿನಲ್ಲಿ ಒಂದೊಂದು ಯಂತ್ರ ಒಂದೊಂದು ಅಂಕಿ ತೋರಿಸುತ್ತದೆ.

ಚೈನ್ ಸಡಿಲ ಬಹುಪಾಲು ಬೈಕಿಗೆ 20-30 ಮಿ.ಮೀ., ನಿಮ್ಮದಕ್ಕೆ ಎಷ್ಟು ಎಂದು ಮ್ಯಾನುವಲ್ ನೋಡಿ. ತೀರಾ ಬಿಗಿಯಿದ್ದರೆ ಹಿಂದಿನ ಸಸ್ಪೆನ್ಷನ್ ಕುಗ್ಗಿದಾಗ ಚೈನ್ ಇನ್ನೂ ಬಿಗಿದು ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಭಾರ ಹಾಕುತ್ತದೆ. ಎಂಜಿನ್ ಆಯಿಲ್ ಮಟ್ಟ ಗಾಜಿನ ಮೇಲಿನ ಗೆರೆಯ ಹತ್ತಿರವಿರಲಿ, ಮೀರದಿರಲಿ. ಡ್ರೈನ್ ಬೋಲ್ಟ್, ಫಿಲ್ಟರ್ ಸುತ್ತ ಬಟ್ಟೆಯಲ್ಲಿ ಒರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ಮತ್ತೆ ಮುಟ್ಟಿ ನೋಡಿ. ಬೆರಳಿಗೆ ಆಯಿಲ್ ಅಂಟಿದರೆ ಆ ಬೈಕನ್ನು ಟ್ರ್ಯಾಕ್‌ನ ತಪಾಸಣೆಯಲ್ಲಿ ಪಾಸ್ ಮಾಡುವುದಿಲ್ಲ. ಮಾಡಲೂ ಬಾರದು. ನೀವು ಚೆಲ್ಲಿದ ಆಯಿಲ್ ಮೇಲೆ ಬೀಳುವವರು ನಿಮ್ಮ ಹಿಂದೆ ಬರುವವರು.

ಇದೇ ಕಾರಣಕ್ಕೆ ಕೂಲಂಟ್. ಹಸಿರೋ ಕೆಂಪೋ ಬಣ್ಣದ ಆ ದ್ರವದಲ್ಲಿರುವ ಗ್ಲೈಕಾಲ್ ನೆಲಕ್ಕೆ ಬಿದ್ದರೆ ಆಯಿಲ್‌ನಷ್ಟೇ ಜಾರುತ್ತದೆ, ಬಿಸಿಲಿಗೆ ಬೇಗ ಆರುವುದೂ ಇಲ್ಲ. ಆದ್ದರಿಂದ ಬಹಳ ಕಡೆ ಅದನ್ನು ತೆಗೆದು ಡಿಸ್ಟಿಲ್ಡ್ ವಾಟರ್ ತುಂಬಿಸಿ ಬನ್ನಿ ಎನ್ನುತ್ತಾರೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ ಕೂಲಂಟ್ ಇಳಿಸಿ, ಒಮ್ಮೆ ಡಿಸ್ಟಿಲ್ಡ್ ವಾಟರ್ ಹಾಕಿ ಐದು ನಿಮಿಷ ಓಡಿಸಿ ಚೆಲ್ಲಿ, ಮತ್ತೆ ತುಂಬಿ. ಹೊರಗಿನ ಸಣ್ಣ ಟ್ಯಾಂಕ್ ತೊಳೆಯುವುದನ್ನು ಮರೆಯುವವರೇ ಹೆಚ್ಚು. ನಲ್ಲಿ ನೀರು, ಬೋರ್ ನೀರು ಹಾಕಬೇಡಿ, ರೇಡಿಯೇಟರ್‌ನಲ್ಲಿ ಸುಣ್ಣ ಕಟ್ಟುತ್ತದೆ. ಗಾಳಿಯಿಂದ, ಆಯಿಲ್‌ನಿಂದ ತಣಿಯುವ ಬೈಕಿನವರಿಗೆ ಈ ಕೆಲಸವೇ ಇಲ್ಲ.

ಇನ್ನು ಬಿಚ್ಚಬೇಕಾದವು (ಬೈಕಿನಲ್ಲೇ ಹೋಗುವವರು ಕನ್ನಡಿ, ನಂಬರ್ ಪ್ಲೇಟ್, ಲೈಟಿನ ಕೆಲಸವನ್ನು ಅಲ್ಲಿ ತಲುಪಿದ ಮೇಲೆ ಮಾಡಿ). ಸೀರೆ ಗಾರ್ಡ್, ಸೆಂಟರ್ ಸ್ಟ್ಯಾಂಡ್, ಮೊಬೈಲ್ ಹೋಲ್ಡರ್, ಹಿಂದಿನ ಕ್ಯಾರಿಯರ್, ನಂಬರ್ ಪ್ಲೇಟ್, ಕನ್ನಡಿ. ಲೆಗ್ ಗಾರ್ಡ್ ಕಡ್ಡಾಯವಾಗಿ ತೆಗೆಯಿರಿ. ಪೇಟೆಯಲ್ಲಿ ಅದು ಕಾಲು ಕಾಯುತ್ತದೆ. ಟ್ರ್ಯಾಕ್‌ನಲ್ಲಿ ಬಿದ್ದ ಬೈಕ್ ನುಣ್ಣಗೆ ಜಾರಿಕೊಂಡು ಹೋಗಬೇಕು, ಲೆಗ್ ಗಾರ್ಡ್ ಇದ್ದರೆ ಅದು ನೆಲಕ್ಕೋ ಮಣ್ಣಿಗೋ ಸಿಕ್ಕಿಕೊಂಡು ಬೈಕನ್ನೇ ಮೇಲೆತ್ತಿ ಉರುಳಿಸುತ್ತದೆ. ಬಗ್ಗಿದಾಗ ನೆಲಕ್ಕೆ ತಾಗಿ ಚಕ್ರವನ್ನು ಎತ್ತುವುದೂ ಉಂಟು. ಅದರ ಜಾಗದಲ್ಲಿ ಫ್ರೇಮ್ ಸ್ಲೈಡರ್ (ಬಿದ್ದಾಗ ಬೈಕ್ ಜಾರಲು ನೆರವಾಗುವ ಗಟ್ಟಿ ಪ್ಲಾಸ್ಟಿಕ್ ಗುಬುಟು) ಹಾಕಿಸಿದರೆ ಒಳ್ಳೆಯದು. ಸೈಡ್ ಸ್ಟ್ಯಾಂಡ್‌ನ ಸ್ಪ್ರಿಂಗ್ ಸಡಿಲವಿದ್ದರೆ ಕೇಬಲ್ ಟೈ ಹಾಕಿ ಕಟ್ಟಿ. ಹೆಡ್‌ಲೈಟ್, ಇಂಡಿಕೇಟರ್, ಬ್ರೇಕ್ ಲೈಟ್ ಮೇಲೆ ಟೇಪ್ ಸುತ್ತಿ, ಒಡೆದರೂ ಚೂರು ಟ್ರ್ಯಾಕ್ ಮೇಲೆ ಚೆಲ್ಲುವುದಿಲ್ಲ. ಹೆಡ್‌ಲೈಟ್ ಉರಿಯುತ್ತಲೇ ಇದ್ದರೆ ಟೇಪ್ ಕರಗಿ ಅಂಟುತ್ತದೆ, ಫ್ಯೂಸ್ ತೆಗೆದಿಡಿ. ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್‌ನ ಫ್ಯೂಸ್ ಮಾತ್ರ ಮುಟ್ಟಬೇಡಿ. ಅದನ್ನು ಕಿತ್ತರೆ ಬೈಕ್ ಚುರುಕಾಗುತ್ತದೆ ಎಂದು ಯಾರು ಎಷ್ಟೇ ಹೇಳಲಿ, ಹೊಸಬರಿಗೆ ಅದು ಬೇಕು.

ಮೈಮೇಲೆ ಏನಿರಬೇಕು

ಒಂದೇ ತುಂಡಿನ ಲೆದರ್ ಸೂಟ್. ಇಲ್ಲವೆಂದರೆ ಸೊಂಟದ ಸುತ್ತ ಪೂರ್ತಿ ಜಿಪ್‌ನಿಂದ ಸೇರುವ ಎರಡು ತುಂಡಿನದು. ಜಾಕೆಟ್ ಬೇರೆ, ಜೀನ್ಸ್ ಬೇರೆ ಹಾಕಿಕೊಂಡು ಬಂದರೆ ಬಹುತೇಕ ಕಡೆ ಬಿಡುವುದಿಲ್ಲ, ಏಕೆಂದರೆ ಜಾರುವಾಗ ಜಾಕೆಟ್ ಮೇಲೇರಿ ಬೆನ್ನು, ಹೊಟ್ಟೆ ಡಾಂಬರಿಗೆ ಸಿಗುತ್ತದೆ. ಬಾಡಿಗೆ ಸೂಟ್ ಹಾಕಿ ನೋಡುವಾಗ ನಿಂತು ನೋಡಿ ಒಪ್ಪಿಕೊಳ್ಳಬೇಡಿ. ಬೈಕ್ ಮೇಲೆ ಕೂತು, ಎದೆ ಟ್ಯಾಂಕಿಗೆ ತಾಗಿಸಿ, ಮೊಣಕಾಲು ಹೊರಗೆ ಚಾಚಿ ನೋಡಿ. ನಿಂತಾಗ ಸ್ವಲ್ಪ ಬಿಗಿ ಅನಿಸುವುದೇ ಸರಿಯಾದ ಅಳತೆ. ಮೊಣಕೈ, ಮೊಣಕಾಲಿನ ಗಟ್ಟಿ ಪ್ಯಾಡ್ ಕೈಯಲ್ಲಿ ಎಳೆದರೆ ತಿರುಗಿಕೊಂಡು ಹೋಗಬಾರದು.

ಬೆನ್ನಿಗೆ ಪ್ರತ್ಯೇಕ ಪ್ರೊಟೆಕ್ಟರ್ ಬೇಕು, ಯುರೋಪಿನ ಸುರಕ್ಷತಾ ಗುರುತಾದ ಸಿಇ ಲೆವೆಲ್ 2 ಇದ್ದರೆ ಉತ್ತಮ. ಸೂಟಿನ ಜೊತೆ ಬರುವ ಸ್ಪಾಂಜಿನ ತುಂಡು ಲೆಕ್ಕಕ್ಕಿಲ್ಲ. ಗ್ಲೌಸ್ ಮಣಿಕಟ್ಟು ದಾಟಿ ಸೂಟಿನ ತೋಳಿನ ಮೇಲೆ ಬರುವಂತಿರಲಿ. ಬೂಟು ಕಣಕಾಲಿನ ಮೇಲಕ್ಕಿರಬೇಕು. ಹೆಲ್ಮೆಟ್ ಫುಲ್ ಫೇಸ್, ಪಟ್ಟಿ ಡಬಲ್ ಡಿ-ರಿಂಗ್ (ಎರಡು ಲೋಹದ ಬಳೆಗಳ ಮೂಲಕ ಎಳೆದು ಬಿಗಿಯುವಂಥದ್ದು). ಐಎಸ್‌ಐ ಜೊತೆ ಯುರೋಪಿನ ಹೆಲ್ಮೆಟ್ ಮಾನದಂಡದ ಇಸಿಇ ಗುರುತೂ ಇದ್ದರೆ ತಪಾಸಣೆಯಲ್ಲಿ ಪ್ರಶ್ನೆಯೇ ಬರುವುದಿಲ್ಲ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್, ಐದು ವರ್ಷ ಹಳೆಯದು, ಗೀರು ತುಂಬಿದ ವೈಸರ್ ಬಿಟ್ಟುಬಿಡಿ. ಒಳಗೆ ತೆಳುವಾದ, ಬೆವರು ಹೀರುವ ಪೂರ್ತಿ ತೋಳಿನ ಬಟ್ಟೆ ಹಾಕಿ. ಹತ್ತಿ ಬನಿಯನ್ ಒದ್ದೆಯಾದ ಮೇಲೆ ಲೆದರ್ ಸೂಟ್ ಬಿಚ್ಚಿ ಹಾಕುವುದೇ ದೊಡ್ಡ ಸಾಹಸ.

ಹೋಗುವುದು ಹೇಗೆ

ಬೈಕಿನಲ್ಲೇ ಹೋಗಬಹುದು. ಹೊಸೂರು, ಕೃಷ್ಣಗಿರಿ, ಆಂಬೂರು, ವೇಲೂರು, ಕಾಂಚೀಪುರಂ ದಾಟಿ ಐದಾರು ಗಂಟೆಯ ದಾರಿ. ಆದರೆ ಹಿಂದಿನ ದಿನ ಮಧ್ಯಾಹ್ನದೊಳಗೆ ಹೊರಟು ಶ್ರೀಪೆರಂಬದೂರಿನಲ್ಲಿ ಉಳಿಯಿರಿ. ರಾತ್ರಿಯಿಡೀ ಓಡಿಸಿ ಬೆಳಗ್ಗೆ ಆರಕ್ಕೆ ನೇರ ಟ್ರ್ಯಾಕ್‌ಗೆ ಇಳಿಯುವುದು ಬೇಡವೇ ಬೇಡ. ನಮ್ಮ ಸಲಹೆ, ಮೂರು-ನಾಲ್ಕು ಜನ ಸೇರಿ ಒಂದು ಗೂಡ್ಸ್ ಗಾಡಿ ಮಾಡಿಕೊಳ್ಳಿ. ಬಿದ್ದು ಹ್ಯಾಂಡಲ್ ಬಗ್ಗಿದರೆ, ಕ್ಲಚ್ ಲಿವರ್ ಮುರಿದರೆ ಬೈಕ್ ಊರಿಗೆ ತರುವ ಚಿಂತೆ ಇರುವುದಿಲ್ಲ. ಆ ಚಿಂತೆ ಇಲ್ಲದವರು ಓಡಿಸುವುದೂ ಹಗುರಾಗಿ. ಕೀಲಿ, ಡ್ರೈವಿಂಗ್ ಲೈಸೆನ್ಸ್, ರಕ್ತದ ಗುಂಪು ಬರೆದ ಚೀಟಿ, ಟೇಪ್ ಎರಡು ಸುರುಳಿ, ಕೇಬಲ್ ಟೈ, ಸ್ಪ್ಯಾನರ್ ಮತ್ತು ಅಲನ್ ಕೀ ಸೆಟ್, ಒಂದು ಜೊತೆ ಬ್ರೇಕ್ ಮತ್ತು ಕ್ಲಚ್ ಲಿವರ್, ಚೈನ್ ಲ್ಯೂಬ್, ಗಾಳಿ ಪಂಪ್, ಮಡಚುವ ಕುರ್ಚಿ ಇಷ್ಟು ಗಾಡಿಯಲ್ಲಿರಲಿ.

ಪೆಟ್ರೋಲ್ ಲೆಕ್ಕ ಹೀಗೆ. ಗುಂಪುಗಳನ್ನು ಸರದಿಯಂತೆ ಟ್ರ್ಯಾಕ್‌ಗೆ ಬಿಡುತ್ತಾರೆ. ಒಂದು ಸರದಿ 15 ನಿಮಿಷ, ಹೊಸಬರ ಒಂದು ಸುತ್ತಿಗೆ ಎರಡೂವರೆ ನಿಮಿಷ ಎಂದಿಟ್ಟುಕೊಂಡರೆ ಆರು ಸುತ್ತು, ಅಂದರೆ 22 ಕಿ.ಮೀ. ದಿನಕ್ಕೆ ಆರು ಸರದಿಗೆ 130 ಕಿ.ಮೀ. ಆರ್‌ಪಿಎಂ ಯಾವಾಗಲೂ ಮೇಲಿರುವುದರಿಂದ ರಸ್ತೆಯಲ್ಲಿ 28-30 ಮೈಲೇಜ್ ಕೊಡುವ ಬೈಕ್ ಇಲ್ಲಿ 14-16ಕ್ಕೆ ಇಳಿಯುತ್ತದೆ. ಒಂಬತ್ತು-ಹತ್ತು ಲೀಟರ್ ಬೇಕು. ಬೆಳಗ್ಗೆಯೇ ಹೆದ್ದಾರಿಯ ಬಂಕಿನಲ್ಲಿ ತುಂಬಿಸಿ. ಮಧ್ಯಾಹ್ನ ಸೂಟ್ ಬಿಚ್ಚಿ ಬಂಕಿಗೆ ಓಡುವಷ್ಟರಲ್ಲಿ ನಿಮ್ಮ ಸರದಿ ಮುಗಿದಿರುತ್ತದೆ.

ಆ ದಿನ ಬೆಳಗ್ಗೆ

ಆರೂವರೆಗೇ ಅಲ್ಲಿರಿ. ಮೊದಲು ನೋಂದಣಿ, ಏನಾದರೂ ಆದರೆ ಹೊಣೆ ನನ್ನದೇ ಎನ್ನುವ ಹೊಣೆಪತ್ರಕ್ಕೆ ಸಹಿ. ಓದಿ ಸಹಿ ಹಾಕಿ. ತುರ್ತು ಸಂಪರ್ಕಕ್ಕೆ ನಿಮ್ಮ ಜೊತೆ ಟ್ರ್ಯಾಕ್‌ಗೆ ಬಂದವರ ಫೋನ್ ನಂಬರ್ ಜೊತೆ ಊರಿನಲ್ಲಿರುವವರ ನಂಬರನ್ನೂ ಬರೆಯಿರಿ. ಆಮೇಲೆ ತಪಾಸಣೆ. ಬ್ರೇಕ್, ಚೈನ್, ಟಯರ್, ಸೋರಿಕೆ ನೋಡುತ್ತಾರೆ. ಆಕ್ಸಿಲರೇಟರ್ ತಿರುಗಿಸಿ ಕೈಬಿಟ್ಟರೆ ಟಕ್ಕೆಂದು ವಾಪಸ್ ಬರಬೇಕು. ಅದು ನಿಧಾನಕ್ಕೆ ಬಂದರೆ ಕೇಬಲ್ ಬದಲಿಸಿ ಎನ್ನುತ್ತಾರೆ. ಪಾಸ್ ಆದರೆ ಹೆಲ್ಮೆಟ್‌ಗೋ ಬೈಕಿಗೋ ಒಂದು ಸ್ಟಿಕ್ಕರ್.

ನಂತರ ನಿಯಮಗಳನ್ನು ಹೇಳಿಕೊಡುವ ಬ್ರೀಫಿಂಗ್ ತಪ್ಪಿಸಿಕೊಂಡವರನ್ನು ಟ್ರ್ಯಾಕ್‌ಗೆ ಬಿಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ, ಒಳ್ಳೆಯ ಆಯೋಜಕರು ಬಿಡುವುದೂ ಇಲ್ಲ. ಧ್ವಜಗಳನ್ನು ಅಲ್ಲಿ ತೋರಿಸಿ ಹೇಳುತ್ತಾರೆ, ಆದರೆ ಹಿಂದಿನ ರಾತ್ರಿಯೇ ಬಾಯಿಪಾಠ ಮಾಡಿಕೊಂಡಿರಿ. ಹಳದಿ ಕಂಡರೆ ಮುಂದೆ ಅಪಾಯ, ನಿಧಾನಿಸಿ, ಓವರ್‌ಟೇಕ್ ಮಾಡುವಂತಿಲ್ಲ. ಹಳದಿಯಲ್ಲಿ ಕೆಂಪು ಪಟ್ಟಿಗಳಿದ್ದರೆ ನೆಲ ಜಾರುತ್ತದೆ, ಆಯಿಲ್ ಅಥವಾ ಮಣ್ಣು ಬಿದ್ದಿದೆ. ಕೆಂಪು ಬಂದರೆ ಎಲ್ಲರ ಓಟ ನಿಂತಿತು. ಕೈಯೆತ್ತಿ, ಮೆಲ್ಲಗೆ ನಿಧಾನಿಸಿ, ಪಿಟ್‌ಗೆ ಬನ್ನಿ. ಕೆಂಪು ಕಂಡ ಕೂಡಲೇ ಬ್ರೇಕ್ ಗಟ್ಟಿ ಹಿಡಿದು ನಿಂತರೆ ಹಿಂದಿನವರು ಬಂದು ಗುದ್ದುತ್ತಾರೆ. ಬಿಳಿ ಧ್ವಜವಾದರೆ ಟ್ರ್ಯಾಕ್ ಮೇಲೆ ಆಂಬ್ಯುಲೆನ್ಸ್‌ನಂಥ ನಿಧಾನದ ವಾಹನ ಇದೆ. ಕಪ್ಪು ಬಣ್ಣದ್ದು ನಿಮ್ಮತ್ತಲೇ ತೋರಿಸಿದರೆ ಪಿಟ್‌ಗೆ ಬಂದು ಮಾತಾಡಿ. ಕಪ್ಪಿನ ನಡುವೆ ಕಿತ್ತಳೆ ವೃತ್ತವಿದ್ದರೆ ನಿಮ್ಮ ಬೈಕಿನಲ್ಲಿ ಏನೋ ಸೋರುತ್ತಿದೆ ಅಥವಾ ತೂಗಾಡುತ್ತಿದೆ, ಕೂಡಲೇ ಓಡುವ ಗೆರೆ ಬಿಟ್ಟು ಪಕ್ಕಕ್ಕೆ ಸರಿಯಿರಿ. ನೀಲಿ ಎಂದರೆ ಹಿಂದೆ ವೇಗದವರಿದ್ದಾರೆ. ಆಗ ನೀವು ಮಾಡಬೇಕಾದದ್ದು ಏನೂ ಇಲ್ಲ, ಇದ್ದ ಗೆರೆಯಲ್ಲೇ ಹೋಗುತ್ತಿರಿ. ದಾರಿ ಬಿಡಲೆಂದು ದಿಢೀರನೆ ಪಕ್ಕಕ್ಕೆ ಬಂದವರೇ ಡಿಕ್ಕಿಗೆ ಕಾರಣರಾಗುವುದು. ಚೌಕಳಿ ಧ್ವಜಕ್ಕೆ ಸರದಿ ಮುಗಿಯಿತು, ಒಂದು ನಿಧಾನದ ಸುತ್ತು ಹಾಕಿ ಒಳಗೆ ಬನ್ನಿ.

ಟ್ರ್ಯಾಕ್ ಮೇಲೆ

ಪಿಟ್‌ನಿಂದ ಹೊರಡುವಾಗ ನೆಲದ ಮೇಲೆ ಒಂದು ಬಿಳಿ ಗೆರೆ ನಿಮ್ಮನ್ನು ಒಳಬದಿಯಲ್ಲೇ ಇಡುತ್ತದೆ. ಆ ಗೆರೆ ಮುಗಿಯುವವರೆಗೆ ದಾಟಬೇಡಿ. ನೇರ ರಸ್ತೆಯಲ್ಲಿ ಪೂರ್ತಿ ವೇಗದಲ್ಲಿ ಬರುವವರು ಅದರ ಆಚೆ ಇರುತ್ತಾರೆ. ಮೊದಲ ಎರಡು ಸುತ್ತು ಯಾವಾಗಲೂ ನಿಧಾನ. ಟಯರ್ ಬಿಸಿಯಾಗಲಿ. ಇರುಂಗಾಟ್ಟುಕೋಟೈಯಲ್ಲಿ ಓಟ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ, ಬಲಕ್ಕೆ ಬಗ್ಗುವುದೇ ಹೆಚ್ಚು. ಹಾಗಾಗಿ ಟಯರ್‌ನ ಬಲಬದಿ ಬಿಸಿಯಾದಷ್ಟು ಎಡಬದಿ ಆಗಿರುವುದಿಲ್ಲ. ಸಾಲಾಗಿ ಬಲತಿರುವು ಮುಗಿಸಿ ಬರುವ ಎಡತಿರುವಿನಲ್ಲಿ, ಅದರಲ್ಲೂ ಬೆಳಗಿನ ಮೊದಲ ಸರದಿಯಲ್ಲಿ, ಇದು ನೆನಪಿರಲಿ.

ಮೊದಲ ಸರದಿಗೆ ಒಂದೇ ಕೆಲಸ: ದಾರಿ ಕಲಿಯುವುದು. ಮೂರನೆಯದೋ ನಾಲ್ಕನೆಯದೋ ಒಂದೇ ಗೇರ್‌ನಲ್ಲಿ, ಬ್ರೇಕ್ ಹೆಚ್ಚು ಬೇಕಾಗದ ವೇಗದಲ್ಲಿ ಓಡಿಸಿ. ಗೇರ್ ಗೊಂದಲ ಇಲ್ಲದಿದ್ದರೆ ಕಣ್ಣಿಗೆ ಪುರುಸೊತ್ತು ಸಿಗುತ್ತದೆ. ಎರಡನೆಯದರಲ್ಲಿ ಗುರುತು ಹುಡುಕಿ. ಪ್ರತಿ ತಿರುವಿಗೆ ಮೂರು ಗುರುತು ಬೇಕು, ಬ್ರೇಕ್ ಶುರು ಮಾಡುವ ಜಾಗ, ಬೈಕ್ ತಿರುಗಿಸುವ ಜಾಗ, ಒಳ ಅಂಚಿಗೆ ತೀರಾ ಹತ್ತಿರ ಬರುವ ಜಾಗ. ದೂರದ ಬೋರ್ಡ್, ನೆಲದ ಬಣ್ಣ ಬದಲಾಗುವ ಗೆರೆ, ಧ್ವಜ ತೋರಿಸುವ ಸಿಬ್ಬಂದಿ (ಮಾರ್ಷಲ್) ನಿಲ್ಲುವ ಪೋಸ್ಟ್, ಅಂಚಿನ ಕಲ್ಲಿಗೆ ಬಣ್ಣ ಬಳಿದಿರುವುದು ಶುರುವಾಗುವ ಬಿಂದು ಇವೆಲ್ಲ ನಡೆಯುತ್ತವೆ. ನೆರಳನ್ನು ಗುರುತಾಗಿ ಹಿಡಿಯಬೇಡಿ, ಹನ್ನೊಂದು ಗಂಟೆಗೆ ಅದು ಬೇರೆ ಕಡೆ ಇರುತ್ತದೆ. ಆಯೋಜಕರು ಇಟ್ಟ ಕೋನ್ ಯಾರದ್ದೋ ಚಕ್ರ ತಾಗಿ ಸರಿದುಹೋಗಿರಬಹುದು, ಅದನ್ನೇ ನಂಬಬೇಡಿ.

ಒಂದು ಬಲತಿರುವನ್ನು ನಿಧಾನಕ್ಕೆ ನೋಡೋಣ. ನೀವು ನೇರ ರಸ್ತೆಯ ಎಡ ಅಂಚಿನಲ್ಲಿ ಐದನೇ ಗೇರ್‌ನಲ್ಲಿ ಬರುತ್ತಿದ್ದೀರಿ. ಗುರುತು ಬಂತು. ಆಕ್ಸಿಲರೇಟರ್ ಮುಚ್ಚಿ, ಎದೆ ಎತ್ತಿ, ಎರಡೂ ಮೊಣಕಾಲಿನಿಂದ ಟ್ಯಾಂಕ್ ಬಿಗಿ ಹಿಡಿಯಿರಿ. ಹೀಗೆ ಮಾಡದಿದ್ದರೆ ಮೈಭಾರವೆಲ್ಲ ಕೈಗೆ ಬರುತ್ತದೆ, ಆಮೇಲೆ ಹ್ಯಾಂಡಲ್ ತಿರುಗಿಸಲು ಕೈ ಬಿಡುವಾಗಿರುವುದಿಲ್ಲ. ಮುಂದಿನ ಬ್ರೇಕನ್ನು ಎರಡು ಬೆರಳಿನಲ್ಲಿ ನಿಂಬೆಹಣ್ಣು ಹಿಂಡುವ ಹಾಗೆ ಹಿಂಡುತ್ತ ಹೋಗಿ. ಮೊದಲು ಮೆಲ್ಲಗೆ, ಮುಂದಿನ ಸಸ್ಪೆನ್ಷನ್ (ಫೋರ್ಕ್) ಕುಗ್ಗಿ ಭಾರ ಮುಂದಿನ ಟಯರ್ ಮೇಲೆ ಕೂತ ಮೇಲೆ ಗಟ್ಟಿಯಾಗಿ. ಭಾರ ಬರುವ ಮುಂಚೆಯೇ ಲಿವರ್ ಎಳೆದರೆ ಚಕ್ರ ಲಾಕ್ ಆಗಲು ನೋಡುತ್ತದೆ. ಬ್ರೇಕ್ ಹಿಡಿದಿರುವಾಗಲೇ ಗೇರ್ ಒಂದೊಂದಾಗಿ ಇಳಿಸಿ, ಕ್ಲಚ್ ನಿಧಾನಕ್ಕೆ ಬಿಡಿ. ತಿರುಗಿಸುವ ಜಾಗಕ್ಕೆ ಬರುವ ಮುಂಚೆ ಕಣ್ಣು ಒಳ ಅಂಚಿನ ಗುರುತಿಗೆ ಹೋಗಿರಬೇಕು. ಬಲಗೈಯಿಂದ ಹ್ಯಾಂಡಲ್‌ನ ಬಲತುದಿಯನ್ನು ಮುಂದಕ್ಕೆ ಒತ್ತಿ, ಬೈಕ್ ಬಲಕ್ಕೆ ಬಗ್ಗುತ್ತದೆ. ಬಗ್ಗುತ್ತಿದ್ದಂತೆ ಬ್ರೇಕ್ ಮೆಲ್ಲಗೆ ಬಿಡುತ್ತ ಬನ್ನಿ. ಒಳ ಅಂಚು ಸಮೀಪಿಸುತ್ತಿದ್ದಂತೆ ಕಣ್ಣು ಹೊರಹೋಗುವ ದಾರಿಗೆ ಹೊರಳಲಿ, ಆಕ್ಸಿಲರೇಟರ್ ಸ್ವಲ್ಪವೇ ತೆರೆಯಲಿ. ಬೈಕ್ ನೇರವಾದಷ್ಟೂ ಆಕ್ಸಿಲರೇಟರ್ ಹೆಚ್ಚು ತೆರೆಯಬಹುದು. ಕೊನೆಗೆ ಬೈಕ್ ತಾನಾಗಿ ಎಡ ಅಂಚಿಗೆ ಹರಿದು ಬರುತ್ತದೆ, ಬಿಡಿ, ಟ್ರ್ಯಾಕಿನ ಪೂರ್ತಿ ಅಗಲ ನಿಮ್ಮದೇ. ರಸ್ತೆಯ ಎಡಬದಿಯ ಅಭ್ಯಾಸದಿಂದ ಅರ್ಧ ಅಗಲವನ್ನೇ ಬಳಸುವುದು ಹೊಸಬರಲ್ಲಿ ಎದ್ದು ಕಾಣುವ ತಪ್ಪು.

ತಿರುವಿನ ನಡುವೆ ವೇಗ ಹೆಚ್ಚಾಯಿತು ಎನಿಸಿದಾಗ ಗಾಬರಿಯಿಂದ ಆಕ್ಸಿಲರೇಟರ್ ಫಟ್ಟನೆ ಮುಚ್ಚುವುದು ಎರಡನೇ ದೊಡ್ಡ ತಪ್ಪು. ಭಾರ ಒಮ್ಮೆಗೇ ಮುಂದಕ್ಕೆ ಬಂದು ಬೈಕ್ ಓಲಾಡುತ್ತದೆ, ಗೆರೆ ಕೆಡುತ್ತದೆ. ಬಹಳ ಸಲ ನಿಜಕ್ಕೂ ವೇಗ ಹೆಚ್ಚಿರುವುದೇ ಇಲ್ಲ, ಕಣ್ಣು ಚಕ್ರದ ಮುಂದಿನ ಐದು ಮೀಟರ್ ನೆಲದಲ್ಲಿ ನೆಟ್ಟಿರುತ್ತದೆ, ಅದಕ್ಕೇ ಎಲ್ಲವೂ ಧಾವಿಸಿ ಬಂದಂತೆ ಕಾಣುತ್ತದೆ. ಕಣ್ಣು ಎತ್ತಿ ದೂರ ನೋಡಿ, ಇನ್ನೂ ಸ್ವಲ್ಪ ಬಗ್ಗಿಸಿ. ರಸ್ತೆ ಟಯರ್‌ಗಳು ಹೊಸಬರು ಕೇಳುವುದಕ್ಕಿಂತ ಹೆಚ್ಚೇ ಕೊಡುತ್ತವೆ. ನೇರ ರಸ್ತೆಯ ಕೊನೆಯಲ್ಲಿ ನಿಜಕ್ಕೂ ವೇಗ ಮೀರಿದೆ ಎಂದಾದರೆ ಬಗ್ಗಿಸಲು ಹೋಗದೆ ಬೈಕ್ ನೇರ ಇಟ್ಟುಕೊಂಡು ಬ್ರೇಕ್ ಹಿಡಿಯಿರಿ, ಡಾಂಬರು ಮುಗಿಯುವ ಮುಂಚೆ ಮುಂದಿನ ಬ್ರೇಕ್ ಬಿಟ್ಟುಬಿಡಿ, ಹುಲ್ಲು ಮಣ್ಣಿನ ಮೇಲೆ ಹಾಗೇ ನೇರ ಉರುಳಲಿ. ವಾಪಸ್ ಬರುವಾಗ ಮಾರ್ಷಲ್ ಕೈ ತೋರಿಸುವವರೆಗೆ ಕಾಯಿರಿ. ಟಯರ್‌ಗೆ ಮಣ್ಣು ಅಂಟಿರುತ್ತದೆ, ಒಂದು ಸುತ್ತು ನಿಧಾನ.

ಬ್ರೇಕ್ ಹಿಡಿಯುವ ಜಾಗವನ್ನು ಮುಂದಕ್ಕೆ ತಳ್ಳುವ ಆಸೆಗೆ ಒಂದು ಲೆಕ್ಕ: 120ರಲ್ಲಿ ಬರುವ ಬೈಕ್ ನಿಲ್ಲಲು 100ರಲ್ಲಿ ಬರುವುದಕ್ಕಿಂತ 44 ಶೇಕಡಾ ಹೆಚ್ಚು ದೂರ ಬೇಕು, ಅಷ್ಟೇ ಗಟ್ಟಿಯಾಗಿ ಬ್ರೇಕ್ ಹಿಡಿದರೂ. ವೇಗ 20 ಏರಿತು ಎಂದು 20 ಶೇಕಡಾ ಲೆಕ್ಕ ಹಾಕುವವರೇ ಮಣ್ಣಿಗಿಳಿಯುವುದು. ಸುತ್ತಿಗೆ ಎರಡು-ಮೂರು ಮೀಟರ್ ಮಾತ್ರ ಬದಲಿಸಿ.

ಮೂರನೇ ಸರದಿಯಿಂದ ಮೈಯ ಭಂಗಿ ಅಭ್ಯಾಸ ಮಾಡಬಹುದು. ಪಾದದ ಮುಂಭಾಗ ಫುಟ್‌ರೆಸ್ಟ್ ಮೇಲೆ, ಅರ್ಧ ಕುಂಡೆ ಸೀಟಿನಿಂದ ಒಳಬದಿಗೆ, ಹೊರಗಿನ ಮೊಣಕಾಲು ಟ್ಯಾಂಕಿಗೆ ಒತ್ತಿ, ಗದ್ದ ಒಳಬದಿಯ ಕನ್ನಡಿ ಇರುತ್ತಿದ್ದ ಜಾಗದತ್ತ, ಕೈ ಸಡಿಲ. ಹೊರಳುವ ಕೆಲಸ ಬ್ರೇಕ್ ಹಿಡಿಯುವ ಮುಂಚೆಯೇ ಮುಗಿದಿರಲಿ. ಮೊಣಕಾಲು ನೆಲಕ್ಕೆ ತಾಗಿಸುವ ಆಸೆಯಿಂದ ಬಂದವರಿಗೆ ಒಂದು ಮಾತು: ಮೊದಲ ದಿನಕ್ಕೆ ಅದನ್ನು ಗುರಿ ಮಾಡಿಕೊಳ್ಳಬೇಡಿ. ತಾಗಿಸಲೆಂದೇ ಮೈ ಇಳಿಬಿಟ್ಟವರು ಹ್ಯಾಂಡಲ್ ಹಿಡಿದು ನೇತಾಡುತ್ತಾರೆ, ಬೈಕ್ ಹೋಗಬೇಕಾದ ಕಡೆ ಹೋಗುವುದಿಲ್ಲ. ಫುಟ್‌ರೆಸ್ಟ್ ನೆಲಕ್ಕೆ ಉಜ್ಜುತ್ತಿದ್ದರೆ ಆ ಬೈಕ್ ಇನ್ನು ಬಗ್ಗಲಾರೆ ಎನ್ನುತ್ತಿದೆ. ವೇಗ ಇಳಿಸಿ, ಮೈಯನ್ನು ಇನ್ನಷ್ಟು ಒಳಕ್ಕೆ ತನ್ನಿ.

ಹೊಸಬರ ಗುಂಪಿನಲ್ಲಿ ಓವರ್‌ಟೇಕ್ ನೇರ ರಸ್ತೆಯಲ್ಲಿ ಮಾತ್ರ, ಪಕ್ಕದಲ್ಲಿ ಎರಡು ಮೀಟರ್ ಬಿಟ್ಟು. ಹಿಂದೆ ತಿರುಗಿ ನೋಡಬೇಡಿ, ಹಿಂದಿನವರ ಹೊಣೆ ಹಿಂದಿನವರದ್ದು. ಪಿಟ್‌ಗೆ ಹೋಗುವ ಮುಂಚೆ ಎಡಗೈ ಎತ್ತಿ ಅಥವಾ ಕಾಲು ಚಾಚಿ ತೋರಿಸಿ. ಸ್ನೇಹಿತರು ಮುಂದೆ ಹೋದರೆ ಹೋಗಲಿ. ಜೊತೆಗೆ ಬಂದವರನ್ನು ಬೆನ್ನಟ್ಟಿಯೇ ಬಹಳ ಜನ ಬೀಳುವುದು, ಅವರ ಬ್ರೇಕ್ ಗುರುತು ನಿಮ್ಮದಲ್ಲ.

ಬಿದ್ದರೆ

ಬೈಕ್ ಕೈಬಿಡಿ. ಹಿಡಿದುಕೊಂಡರೆ ಅದರ ಜೊತೆ ನೀವೂ ಉರುಳುತ್ತೀರಿ. ಕೈಕಾಲು ಸಡಿಲ ಬಿಟ್ಟು ಜಾರಿ. ನಿಂತೆ ಎನಿಸಿದ ಮೇಲೂ ಮೂರು ಎಣಿಸಿ. ಇನ್ನೂ 30ರ ವೇಗದಲ್ಲಿ ಜಾರುತ್ತಿರುವಾಗ ನಿಂತಂತೆಯೇ ಅನಿಸುತ್ತದೆ, ಎದ್ದರೆ ಮಣಿಕಟ್ಟು, ಕಣಕಾಲು ಮುರಿಯುತ್ತದೆ. ಬರುತ್ತಿರುವ ಬೈಕುಗಳತ್ತ ನೋಡಿ, ತಡೆಗೋಡೆಯ ಹಿಂದಕ್ಕೆ ಹೋಗಿ, ಮಾರ್ಷಲ್‌ಗೆ ಕೈ ಬೀಸಿ. ಏಳಲು ಆಗದಿದ್ದರೆ ಅಲ್ಲೇ ಇರಿ, ಹೆಲ್ಮೆಟ್ ತೆಗೆಯಬೇಡಿ, ಬೇರೆಯವರಿಗೂ ತೆಗೆಯಲು ಬಿಡಬೇಡಿ. ಬೈಕ್ ತರಲು ಟ್ರ್ಯಾಕ್‌ಗೆ ಓಡಬಾರದು. ಪಿಟ್‌ಗೆ ಬಂದ ಮೇಲೆ ಚೆನ್ನಾಗಿದ್ದೇನೆ ಎನಿಸಿದರೂ ವೈದ್ಯರಿಗೆ ತೋರಿಸಿ. ತಲೆಗೆ ಪೆಟ್ಟಾಗಿದ್ದರೆ ಆ ದಿನ ಮುಗಿಯಿತು, ಹೆಲ್ಮೆಟ್ ಕೂಡ.

ಬಿಸಿಲು ಮತ್ತು ಊಟ

ಒಂದು ಸರದಿಯಲ್ಲಿ ಮೈಯಿಂದ ಇಳಿಯುವ ಬೆವರು ಹೊಸಬರಿಗೆ ಆಶ್ಚರ್ಯ ತರುತ್ತದೆ. ಇಬ್ಬರಿಗೆ ಎಂಟು ಲೀಟರ್ ನೀರು, ನಾಲ್ಕು ಒಆರ್‌ಎಸ್ ಪ್ಯಾಕೆಟ್ ಇರಲಿ. ಪ್ರತಿ ಸರದಿಯ ನಂತರ ಸೂಟ್ ಸೊಂಟದವರೆಗೆ ಇಳಿಸಿ ನೆರಳಲ್ಲಿ ಕೂತು ಕುಡಿಯಿರಿ. ಬೆಳಗ್ಗೆ ಇಡ್ಲಿ, ಮಧ್ಯಾಹ್ನ ಬಾಳೆಹಣ್ಣು, ಸ್ವಲ್ಪ ಮೊಸರನ್ನ. ದಾರಿಯಲ್ಲಿ ಕಟ್ಟಿಸಿಕೊಂಡ ಆಂಬೂರು ಬಿರಿಯಾನಿಯನ್ನು ಮಧ್ಯಾಹ್ನ ಹೊಟ್ಟೆ ತುಂಬ ತಿಂದವರು ಎರಡು ಗಂಟೆಯ ಸರದಿಯಲ್ಲಿ ತಿರುವಿಗೆ ತಡವಾಗಿ ಎಚ್ಚರಗೊಳ್ಳುತ್ತಾರೆ. ಅದನ್ನು ವಾಪಸ್ ಬರುವಾಗ ತಿನ್ನಿ.

ಕೊನೆಯ ಸರದಿಯ ಬಗ್ಗೆ ಎಚ್ಚರ. ಮೈ ದಣಿದಿರುತ್ತದೆ, ಧೈರ್ಯ ಮಾತ್ರ ಬೆಳಗ್ಗಿಗಿಂತ ಹೆಚ್ಚಿರುತ್ತದೆ. ಬ್ರೇಕ್ ಹಿಡಿಯುವ ಬೆರಳು ನಡುಗುತ್ತಿದ್ದರೆ, ಒಂದು ಗುರುತನ್ನು ಎರಡು ಸಲ ತಪ್ಪಿಸಿಕೊಂಡರೆ ಪಿಟ್‌ಗೆ ಬನ್ನಿ. ದುಡ್ಡು ಕೊಟ್ಟಿದ್ದೇನಲ್ಲ ಎಂದು ಹೋಗಬೇಡಿ.

ಹೊರಡುವ ಮುಂಚೆ

ಬೈಕಿನಲ್ಲೇ ಊರಿಗೆ ಮರಳುವವರು ಕನ್ನಡಿ, ನಂಬರ್ ಪ್ಲೇಟ್, ಫ್ಯೂಸ್ ವಾಪಸ್ ಹಾಕಿ, ಟೇಪ್ ಕಿತ್ತು, ಬ್ರೇಕ್ ಲೈಟ್ ಉರಿಯುತ್ತದಾ ನೋಡಿ. ಟಯರ್ ತಣ್ಣಗಾದ ಮೇಲೆ ಮ್ಯಾನುವಲ್ ಹೇಳುವಷ್ಟು ಗಾಳಿ ಹಿಡಿಸಿ. ಪ್ಯಾಡ್ ಎಷ್ಟು ಉಳಿದಿದೆ, ಚೈನ್ ಎಷ್ಟು ಸಡಿಲವಾಗಿದೆ ಎಂದು ಬಗ್ಗಿ ನೋಡಿ. ಒಂದೇ ದಿನದಲ್ಲಿ ಎರಡೂ ಕಣ್ಣಿಗೆ ಕಾಣುವಷ್ಟು ಬದಲಾಗಿರುತ್ತವೆ. ಟ್ರ್ಯಾಕ್‌ನಿಂದ ಹೆದ್ದಾರಿಗೆ ಬಂದ ಮೊದಲ ಅರ್ಧ ಗಂಟೆ 100 ಕೂಡ ನಿಧಾನವೆನಿಸುತ್ತದೆ. ಸ್ಪೀಡೋಮೀಟರ್ ನೋಡಿಕೊಂಡೇ ಓಡಿಸಿ, ಆದರೆ ಅದಕ್ಕಿಂತ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಹೊರಡುವುದೇ ಸರಿ. ಊರಿಗೆ ಬಂದ ವಾರದೊಳಗೆ ನೀರು ಇಳಿಸಿ ಕೂಲಂಟ್ ತುಂಬಿಸಿ. ಬರೀ ನೀರು ರೇಡಿಯೇಟರ್ ಒಳಗೆ ತುಕ್ಕು ಹಿಡಿಸುತ್ತದೆ. ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಬದಲಿಸುವುದೂ ಅದೇ ದಿನ ಆಗಲಿ.